ನಿನ್ನೆ ಕುಡಿದದ್ದು ಸರ್

2024ರಲ್ಲಿ ಮಹಾಲಯ ಅಮಾವಾಸ್ಯೆ ಗಾಂಧಿ ಜಯಂತಿಯ ದಿನವೇ ಬಂದಿತ್ತು. ಮಂಡ್ಯ ಸೀಮೆಯವರಿಗೆ ಇದರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಅಕ್ಟೋಬರ್ 2ರಂದು ಮದ್ಯದಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಅಮಾವಾಸ್ಯೆಯಂದು ತೀರಿಕೊಂಡ ಹಿರಿಯರಿಗೆ ಎಡೆ ಇಡಬೇಕು, ಎಡೆಯಲ್ಲಿ ಅವರು ಬದುಕಿದ್ದಾಗ ಇಷ್ಟಪಟ್ಟದ್ದೆಲ್ಲ ಇರಬೇಕು. ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಎಲೆ ಅಡಿಕೆ, ಬೀಡಿ ಕಟ್ಟು. ಕೆಲವು ಹಿರಿಯರಿಗೆ ಬ್ರಾಂದಿಯೂ ಬೇಕು. ನನ್ನ ಗೆಳೆಯನ ತಂದೆ ಆ ಕೆಲವರಲ್ಲಿ ಒಬ್ಬರು. ಮಗ ಹಿಂದಿನ ದಿನವೇ ಪಾಂಡವಪುರಕ್ಕೆ ಹೋಗಿ ತಂದೆಯ ಪಾಲಿಗೆ ಒಂದು ಕ್ವಾರ್ಟರ್, ನಮ್ಮ ಪಾಲಿಗೆ ಒಂದು ಫುಲ್ ಬಾಟಲಿ ತಂದು ಭತ್ತದ ಮೂಟೆಗಳ ಹಿಂದೆ ಬಚ್ಚಿಟ್ಟಿದ್ದ.

ನಾನು ಮೈಸೂರಿನವನು. ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದ್ದೇನೆ. ಕುಡಿಯುತ್ತೇನೆ, ಆದರೆ ಕುಡಿದು ಗಾಡಿ ಓಡಿಸುವುದಿಲ್ಲ ಎಂಬುದು ನಾನು ಮನೆಯಲ್ಲೂ ಕಚೇರಿಯಲ್ಲೂ ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತಿದ್ದ ಮಾತು. ಸಹೋದ್ಯೋಗಿಗಳ ಔತಣಕೂಟಗಳಿಗೆ ಆಟೋದಲ್ಲಿ ಹೋಗಿ ಆಟೋದಲ್ಲಿ ಬರುತ್ತಿದ್ದೆ. ಆ ರಾತ್ರಿ ಗೆಳೆಯನ ಹಳ್ಳಿಯಲ್ಲೇ ಉಳಿಯುವುದೆಂದು ಮೊದಲೇ ತೀರ್ಮಾನಿಸಿದ್ದೂ ಇದೇ ಕಾರಣಕ್ಕೆ.

ಹೊತ್ತು ಮುಳುಗಿದ ಮೇಲೆ ಎಡೆ ಇಟ್ಟರು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಜಗಲಿಯಲ್ಲಿ ಕೂತೆವು. ಗೆಳೆಯನ ತಾಯಿ ಕಣ್ಣೊರೆಸಿಕೊಂಡರು. ಬಾಗಿಲು ತೆಗೆದು, ಊಟ ಮುಗಿಸಿ, ರಾತ್ರಿ ಎಂಟೂವರೆಯ ಹೊತ್ತಿಗೆ ನಾವಿಬ್ಬರು ತಾರಸಿಗೆ ಹತ್ತಿದೆವು. ಇಳಿದಾಗ ಒಂದು ಗಂಟೆ. ನನ್ನ ಲೆಕ್ಕದಲ್ಲಿ 60 ಮಿಲಿಲೀಟರಿನ ನಾಲ್ಕು ಲಾರ್ಜ್ ಆಗಿತ್ತು. ಬಾಟಲಿಯಲ್ಲಿ ಇದ್ದದ್ದು 750 ಮಿಲಿಲೀಟರ್, ಕುಡಿದವರು ಇಬ್ಬರು, ಬೆಳಿಗ್ಗೆ ಬಾಟಲಿ ಖಾಲಿಯಾಗಿತ್ತು. ತಲಾ ಆರು ಲಾರ್ಜಿಗೂ ಹೆಚ್ಚು. ಬೇರೆಯವರ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೂ ಹಿಡಿಯುವ ನಾನು ಈ ಭಾಗಾಕಾರವನ್ನು ಅಂದು ಮಾಡಲಿಲ್ಲ.

ಐದೂವರೆಗೆ ಎದ್ದೆ. ಅಂದು ನವರಾತ್ರಿಯ ಮೊದಲ ದಿನ. ಗೊಂಬೆಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿಕೊಡಲು ಎಂಟು ಗಂಟೆಯೊಳಗೆ ಬರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ತಲೆ ಸ್ವಲ್ಪ ಭಾರವಾಗಿತ್ತು, ಅಷ್ಟೇ. ತೊಟ್ಟಿಯ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡೆ. ಒಂದು ಚೊಂಬು ಹುಳಿ ಮಜ್ಜಿಗೆಗೆ ಉಪ್ಪು ಹಾಕಿ ಕುಡಿದೆ. ಮೇಲೆ ಗಟ್ಟಿ ಕಾಫಿ. ಇಷ್ಟಾದ ಮೇಲೆ ಎಲ್ಲ ಇಳಿಯಿತು ಎಂಬುದು ನಮ್ಮ ಕಡೆ ಪ್ರಶ್ನಿಸದೆ ಒಪ್ಪಿಕೊಂಡ ವೈದ್ಯ. ಗೆಳೆಯನ ತಾಯಿ ಮಾತ್ರ ನನ್ನ ಮುಖವನ್ನೇ ನೋಡುತ್ತಾ, ‘ಕಣ್ಣು ಕೆಂಪಗಿದೆಯಲ್ಲಪ್ಪ, ಹೊತ್ತೇರಲಿ, ತಿಂಡಿ ತಿಂದುಕೊಂಡು ಹೋಗು’ ಎಂದರು. ‘ನಿದ್ದೆ ಕಡಿಮೆ ಆಯಿತು ಅಮ್ಮ’ ಎಂದು ನಕ್ಕು ಕಾರು ಹತ್ತಿದೆ.

ಆ ಊರಿನಿಂದ ಮುಖ್ಯರಸ್ತೆಗೆ ಬರಲು ನಾಲೆಯ ಏರಿಯ ಮೇಲೆ ಒಂದಿಷ್ಟು ದೂರ ಸಾಗಬೇಕು. ವಿಶ್ವೇಶ್ವರಯ್ಯ ನಾಲೆಯ ಹೆಸರು ಕೇಳಿದರೆ ಈ ಭಾಗದವರ ಮೈ ಈಗಲೂ ಜುಮ್ಮೆನ್ನುತ್ತದೆ. 2018ರ ನವೆಂಬರ್‌ನಲ್ಲಿ ಇದೇ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ನಾಲೆಗೆ ಬಿದ್ದು ಮೂವತ್ತು ಜನ ಹೋದರು. ಅವರಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಇದ್ದರು. ನಾನು ಏರಿಯ ಮೇಲೆ ಎರಡನೇ ಗೇರಿನಲ್ಲೇ, ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು, ಹೊಸದಾಗಿ ಕಲಿಯುವವನಂತೆ ಬಂದೆ. ಏರಿ ಇಳಿದ ಮೇಲೆ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಇಷ್ಟು ಚೆನ್ನಾಗಿ ಓಡಿಸುತ್ತಿದ್ದೇನೆಂದರೆ ತಲೆ ನೆಟ್ಟಗಿದೆ ಎಂದೇ ಅರ್ಥವಲ್ಲವೆ?

ಅಲ್ಲಿಂದ ಮುಂದಿನ ಊರಿನ ಡೇರಿ ಅರ್ಧ ಕಿಲೋಮೀಟರೂ ಇಲ್ಲ. ಎರಡೂ ಬದಿ ಆಳೆತ್ತರದ ಕಬ್ಬು. ಮುಂದೆ ಒಬ್ಬರು ಮೊಪೆಡ್‌ನಲ್ಲಿ ಹೋಗುತ್ತಿದ್ದರು, ಕಾಲ ಬಳಿ ಹಾಲಿನ ಕ್ಯಾನು. ಅವರು ಬಲಗೈಯನ್ನು ಚಾಚಿದರು. ಡೇರಿ ಇದ್ದದ್ದು ಬಲಗಡೆಗೆ. ಕೈ ಚಾಚಿದ್ದು ನನಗೆ ಸ್ಪಷ್ಟವಾಗಿ ಕಂಡಿತು, ಇದನ್ನು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ. ಆದರೆ ಕಂಡ ಕೈಯನ್ನು ನನ್ನ ತಲೆ ಓದಿಕೊಂಡದ್ದು ‘ನೀವು ಮುಂದೆ ಹೋಗಿ’ ಎಂದು. ಆಕ್ಸಲರೇಟರ್ ಒತ್ತಿದೆ. ಅವರು ತಿರುಗಿದರು. ಬ್ರೇಕಿನ ಮೇಲೆ ಕಾಲಿಡಬೇಕೆಂದು ಗೊತ್ತಾದದ್ದಕ್ಕೂ ಕಾಲು ಇಟ್ಟದ್ದಕ್ಕೂ ನಡುವೆ ಒಂದು ಬಿಡುವಿತ್ತು. ಆ ಬಿಡುವು ನನಗೆ ಇನ್ನೂ ನೆನಪಿದೆ, ಅದರೊಳಗೆ ನಾನು ಸುಮ್ಮನೆ ನೋಡುತ್ತಾ ಕೂತಿದ್ದೆ.

ಸದ್ದು ದೊಡ್ಡದೇನೂ ಆಗಲಿಲ್ಲ. ಕ್ಯಾನಿನ ಮುಚ್ಚಳ ಮಾತ್ರ ಬಹಳ ದೂರ ಉರುಳಿಕೊಂಡು ಹೋಯಿತು. ಇಳಿದು ನೋಡಿದರೆ ಅರವತ್ತರ ಆಸುಪಾಸಿನ ಗೌಡರು ಡಾಂಬರಿನ ಮೇಲೆ ಬಿದ್ದಿದ್ದರು. ಅವರ ಬಲಗಾಲು ಮೊಣಕಾಲಿನ ಕೆಳಗೆ ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಹಾಲು ಇಳಿಜಾರಿನಲ್ಲಿ ಹರಿದು ಹೋಗುತ್ತಿತ್ತು, ಎರಡು ನಾಯಿಗಳು ಆಗಲೇ ಬಂದು ನೆಕ್ಕುತ್ತಿದ್ದವು.

ಡೇರಿಯ ಮುಂದೆ ಸಾಲು ನಿಂತಿದ್ದವರೆಲ್ಲ ಓಡಿ ಬಂದರು. ಹೊಡೆಯುತ್ತಾರೆಂದುಕೊಂಡೆ. ಯಾರೂ ಕೈ ಎತ್ತಲಿಲ್ಲ. ಒಬ್ಬರು 108ಕ್ಕೆ ಫೋನ್ ಮಾಡಿದರು, ಮತ್ತೊಬ್ಬರು ನನಗೇ ಕುಡಿಯಲು ನೀರು ಕೊಟ್ಟರು. ಊರಿನ ಹಿರಿಯರೊಬ್ಬರು, ‘ಬೆಳಗಿನ ಹೊತ್ತು, ಯಾರನ್ನು ಬೈಯುವುದು, ಗ್ರಹಚಾರ. ಆಸ್ಪತ್ರೆ ಖರ್ಚು ನೋಡಿಕೊಳ್ಳಿ ಸ್ವಾಮಿ, ಕೇಸು ಗೀಸು ಯಾಕೆ’ ಎಂದರು. ನೆಲದ ಮೇಲಿದ್ದ ಗೌಡರು ಹಲ್ಲು ಕಚ್ಚಿಕೊಂಡೇ, ‘ನಾನು ಕೈ ತೋರಿಸಿದ್ದು ಸರಿಯಾಗಿ ಕಾಣಲಿಲ್ಲವೇನೋ’ ಎಂದರು. ಆ ಮಾತನ್ನು ಕೇಳಿ ನನ್ನ ಎದೆ ಹಗುರವಾಯಿತು. ಈ ಬರಹದಲ್ಲಿ ನಾನು ಬರೆಯಲು ಹಿಂಜರಿದ ವಾಕ್ಯ ಇದೊಂದೇ.

ಅಷ್ಟರಲ್ಲಿ ಅವರ ಮಗಳು ಬಂದಳು. ಮಂಡ್ಯದಲ್ಲಿ ನರ್ಸಿಂಗ್ ಓದುತ್ತಿದ್ದ ಹುಡುಗಿ, ಹಬ್ಬಕ್ಕೆ ಊರಿಗೆ ಬಂದಿದ್ದಳು. ಅಳಲಿಲ್ಲ. ಅಪ್ಪನನ್ನು ಎತ್ತಲು ಹೊರಟವರನ್ನು ತಡೆದು, ಎರಡು ಕಬ್ಬಿನ ಜಲ್ಲೆ ಮುರಿಸಿಕೊಂಡು, ಕಾಲಿನ ಎರಡೂ ಬದಿಗೆ ಇಟ್ಟು ತನ್ನ ದುಪಟ್ಟಾದಿಂದ ಕಟ್ಟತೊಡಗಿದಳು. ಪಾದವನ್ನು ಅಲುಗಾಡದಂತೆ ಹಿಡಿದುಕೊಳ್ಳಿ ಎಂದಳು. ಹತ್ತಿರವಿದ್ದ ನಾನು ಬಗ್ಗಿ ಹಿಡಿದೆ. ಗಂಟು ಹಾಕುತ್ತಿದ್ದವಳು ಸಟ್ಟನೆ ತಲೆ ಎತ್ತಿದಳು.

‘ನೀವು ಕುಡಿದಿದ್ದೀರಾ?’

‘ಇಲ್ಲಮ್ಮ’ ಎಂದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನ್ನಿಸಲೇ ಇಲ್ಲ.

ಅವಳು ಮರುಮಾತಾಡದೆ ಗಂಟು ಬಿಗಿದಳು. ಆಂಬುಲೆನ್ಸ್ ಹೊರಡುವ ಹೊತ್ತಿಗೆ ಪೊಲೀಸರೂ ಬಂದಿದ್ದರು. ಹತ್ತುವ ಮೊದಲು ಅವರಿಗೆ ಒಂದೇ ಮಾತು ಹೇಳಿದಳು: ‘ಇವರಿಗೆ ಊದಿಸಿ ಸರ್.’ ಊರ ಹಿರಿಯರಿಗೆ ಅದು ಇಷ್ಟವಾಗಲಿಲ್ಲ. ನನಗೂ ಆಗ ಆ ಹುಡುಗಿ ಎದುರುವಾದಿಯಂತೆಯೇ ಕಂಡಳು.

ಠಾಣೆಯಲ್ಲಿ ಆಲ್ಕೋಮೀಟರ್ ತಂದಾಗ ಗಂಟೆ ಎಂಟು. ‘ನಿನ್ನೆ ಕುಡಿದದ್ದು ಸರ್’ ಎಂದೆ. ಪೇದೆ ನಗಲೂ ಇಲ್ಲ, ಬೈಯಲೂ ಇಲ್ಲ. ‘ಹಬ್ಬದ ಮಾರನೇ ದಿನ ಬರುವವರೆಲ್ಲ ನಿನ್ನೆ ಕುಡಿದವರೇ’ ಎಂದು ಕೊಳವೆಯನ್ನು ಬಾಯಿಗೆ ಹಿಡಿದರು. ಊದಿದೆ. ಇನ್ನೂ, ಇನ್ನೂ ಎಂದರು. ಪರದೆಯ ಮೇಲೆ ಬಂದದ್ದು 48. ಕಾನೂನಿನ ಮಿತಿ 30, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಯಂತ್ರ ಕೆಟ್ಟಿರಬೇಕು ಎಂದು ವಾದಿಸಿದೆ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ತೆಗೆಸಿದರು. ಅಲ್ಲಿನ ವೈದ್ಯರು ಸೂಜಿ ಚುಚ್ಚುತ್ತಲೇ ಪಾಠ ಹೇಳಿದರು. ರಕ್ತಕ್ಕೆ ಸೇರಿದ ಮದ್ಯವನ್ನು ಯಕೃತ್ತು ತನ್ನದೇ ವೇಗದಲ್ಲಿ ಅರಗಿಸುತ್ತದೆ, ಹೆಚ್ಚಿನವರಲ್ಲಿ 100 ಮಿಲಿಲೀಟರ್ ರಕ್ತಕ್ಕೆ ಗಂಟೆಗೆ 15 ಮಿಲಿಗ್ರಾಂ ಆಸುಪಾಸು. ತಣ್ಣೀರು, ಮಜ್ಜಿಗೆ, ಕಾಫಿ ಯಾವುದಕ್ಕೂ ಅದು ಅವಸರಪಡುವುದಿಲ್ಲ. ಕಾಫಿಯಿಂದ ನಿದ್ದೆ ಹೋಗುತ್ತದೆ, ಅಮಲು ಇದ್ದಲ್ಲೇ ಇರುತ್ತದೆ.

ಆ ಬೆಂಚಿನ ಮೇಲೆ ಕೂತು, ಬಿಲ್ಲೊಂದರ ಹಿಂಬದಿಯಲ್ಲಿ, ನನಗೆ ಗೊತ್ತಿರುವ ಒಂದೇ ಕೆಲಸವನ್ನು ಮಾಡಿದೆ. ಎಂಟು ಗಂಟೆಗೆ 48. ಆರೂ ಇಪ್ಪತ್ತಕ್ಕೆ, ಗೌಡರು ಕೈ ಚಾಚಿದಾಗ, 73. ಮಲಗಲು ಹೋದ ಒಂದು ಗಂಟೆಗೆ ನೂರೈವತ್ತರ ಮೇಲೆ, ಮಿತಿಯ ಐದು ಪಟ್ಟು. ಹಾಗೆಯೇ ಮುಂದಕ್ಕೆ ಎಣಿಸಿದೆ. ಒಂಬತ್ತೂಕಾಲಿಗೆ 30ಕ್ಕಿಂತ ಕೆಳಗೆ ಇಳಿಯುತ್ತಿದ್ದೆ, ಪೂರ್ತಿ ಖಾಲಿಯಾಗಲು ಹನ್ನೊಂದು ದಾಟಬೇಕಿತ್ತು. ಗೆಳೆಯನ ತಾಯಿ ಹೇಳಿದ ‘ಹೊತ್ತೇರಲಿ’ ಎಂಬ ಮಾತು ಬಹುತೇಕ ಅಷ್ಟೇ ಹೊತ್ತಿನದು. ಇದು ಅಂದಾಜಿನ ಲೆಕ್ಕ, ಮೈಯಿಂದ ಮೈಗೆ ಬದಲಾಗುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರು. ಆದರೂ ಆ ಬಿಲ್ಲನ್ನು ನಾನು ಎಸೆದಿಲ್ಲ.

ಕಾನೂನಿನ ಕಥೆ ಬೇಗ ಮುಗಿಸುತ್ತೇನೆ, ಏಕೆಂದರೆ ಅದು ತಾನಾಗಿ ಬೇಗ ಮುಗಿಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಜೊತೆಗೆ ಅಜಾಗರೂಕ ಚಾಲನೆಗೆ ಮತ್ತು ಬೇರೆಯವರ ಜೀವಕ್ಕೆ ಅಪಾಯ ತಂದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಂಗಳು ಸೇರಿದವು. ಚಾಲನಾ ಪರವಾನಗಿ ಅಮಾನತಾಯಿತು. ಕಾರಿನ ದುರಸ್ತಿಗೆ ವಿಮೆಯಿಂದ ಒಂದು ಪೈಸೆಯೂ ಸಿಗಲಿಲ್ಲ, ಚಾಲಕ ಕುಡಿದಿದ್ದರೆ ಕೊಡುವುದಿಲ್ಲವೆಂದು ಪಾಲಿಸಿಯಲ್ಲೇ ಇದೆ. ಅಷ್ಟು ವರ್ಷ ಕಂತು ಕಟ್ಟಿದ ನಾನು ಅದನ್ನು ಓದಿರಲಿಲ್ಲ. ಗೌಡರಿಗೆ ನ್ಯಾಯಮಂಡಳಿ ನಿಗದಿ ಮಾಡುವ ಪರಿಹಾರವನ್ನು ವಿಮೆಯವರು ಮೊದಲು ಕೊಟ್ಟರೂ ಆಮೇಲೆ ಅದನ್ನು ನನ್ನಿಂದಲೇ ವಸೂಲಿ ಮಾಡಬಹುದು ಎಂದು ವಕೀಲರು ಹೇಳಿದ್ದಾರೆ. ವಾಯಿದೆಯ ದಿನ ಬಸ್ಸಿನಲ್ಲಿ ಹೋಗಿ, ಹೆಸರು ಕೂಗುವವರೆಗೆ ಮೊಗಸಾಲೆಯಲ್ಲಿ ನಿಂತು, ಮುಂದಿನ ವಾಯಿದೆ ಬರೆದುಕೊಂಡು ಬರುತ್ತೇನೆ. ರಜೆ ಅರ್ಜಿಯಲ್ಲಿ ‘ಸ್ವಂತ ಕೆಲಸ’ ಎಂದು ಬರೆಯುತ್ತೇನೆ.

ಆ ದಿನ ಮನೆ ಸೇರಿದಾಗ ಸಂಜೆಯಾಗಿತ್ತು. ಬೀದಿಗೆಲ್ಲ ದಸರಾ ದೀಪ ಹಚ್ಚಿದ್ದರು. ಹೆಂಡತಿ ಪಕ್ಕದ ಮನೆಯ ಹುಡುಗನನ್ನು ಅಟ್ಟ ಹತ್ತಿಸಿ ಪೆಟ್ಟಿಗೆ ಇಳಿಸಿಕೊಂಡು ಪಟ್ಟದ ಗೊಂಬೆಗಳನ್ನು ಕೂರಿಸಿದ್ದಳು. ‘ಕುಡಿದು ಓಡಿಸಲಿಲ್ಲ, ನಿನಗೆ ಗೊತ್ತಲ್ಲ’ ಎಂದು ಶುರು ಮಾಡಿದೆ. ಅವಳು ಕೇಳಿದ್ದು, ‘ಅವರ ಮನೆಯಲ್ಲಿ ಇವತ್ತು ಹಾಲು ಯಾರು ಕರೆಯುತ್ತಾರೆ?’

ಆ ಪ್ರಶ್ನೆಗೆ ಉತ್ತರ ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಮೊದಲ ಸಲ ಆಸ್ಪತ್ರೆಗೆ ಹೋದಾಗ ಮಗಳು ವಾರ್ಡಿನ ಹೊರಗೇ ನಿಲ್ಲಿಸಿ ಕಳಿಸಿದ್ದಳು. ಯುಗಾದಿ ಕಳೆದ ಮೇಲೆ ಅವರ ಮನೆಗೇ ಹೋದೆ. ಗೌಡರು ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದರು. ಕಾಲಿಗೆ ರಾಡ್ ಹಾಕಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ. ನಡಿಗೆ ಪರವಾಗಿಲ್ಲ, ಕುಕ್ಕರಗಾಲಿನಲ್ಲಿ ಕೂರಲು ಆಗುವುದಿಲ್ಲ ಎಂದರು. ಹಸುವಿನ ಕೆಚ್ಚಲ ಬಳಿ ದಿನಕ್ಕೆ ಎರಡು ಹೊತ್ತು ಕೂರುವುದೇ ಹಾಗೆ. ಸ್ಟೂಲು ಹಾಕಿಕೊಂಡು ನೋಡಿದರಂತೆ. ಹಸು ಒದ್ದರೆ ಹಿಂದೆ ಸರಿಯಬೇಕಲ್ಲ, ಆ ಚುರುಕು ಇಲ್ಲ. ಹೆಂಡತಿಗೆ ಮಂಡಿನೋವು. ಮಗಳು ಓದು ಬಿಟ್ಟು ಬರುತ್ತೇನೆಂದು ಹಟ ಹಿಡಿದಳಂತೆ, ಇವರು ಒಪ್ಪಲಿಲ್ಲ. ಎರಡು ಹಸುಗಳನ್ನೂ ಮಾರಿದರು.

‘ಡೇರಿಯಲ್ಲಿ ನಮ್ಮ ಹಾಲನ್ನು ದಿನಾ ಎರಡು ಸಲ ಪರೀಕ್ಷೆ ಮಾಡುತ್ತಿದ್ದರು ಸ್ವಾಮಿ’ ಎಂದರು ಗೌಡರು. ಚುಚ್ಚಿ ಹೇಳಿದರೋ, ಕಳೆದುಹೋದ ದಿನಚರಿಯನ್ನು ನೆನೆಸಿಕೊಂಡರೋ ತಿಳಿಯಲಿಲ್ಲ. ‘ಒಂದು ದಿನವೂ ಹಾಲು ವಾಪಸು ಬರಲಿಲ್ಲ.’

ನಾನು ತಂದಿದ್ದ ಹಣ್ಣಿನ ಚೀಲ ನನ್ನ ಕಾಲ ಬಳಿಯೇ ಇತ್ತು. ಕಾಫಿ ಬೇಡವೆಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ, ಒಳಗೆ ಕೂಗಿ ಹೇಳಿದರು. ಸ್ವಲ್ಪ ಹೊತ್ತಿಗೆ ಅವರ ಹೆಂಡತಿ ಖಾಲಿ ಚೊಂಬು ಹಿಡಿದು ಹೊರಗೆ ಬಂದರು. ನನ್ನತ್ತ ನೋಡದೆ, ಖಾಲಿ ಕೊಟ್ಟಿಗೆಯ ಪಕ್ಕದಿಂದ ಹಾದು, ಹಾಲು ಕೇಳಲು ನೆರೆಮನೆಗೆ ಹೋದರು.