ಜಾಮೀನು ಸಿಕ್ಕಿದ್ರೆ ಹುಡುಗ ಹೊರಗೆ ಬಂದ ಅಂತ ಅಲ್ಲ

ತಾಲ್ಲೂಕು ಕೋರ್ಟಿನ ವಕೀಲರೊಬ್ಬರ ಹತ್ತಿರ ನಾನು ಗುಮಾಸ್ತ. ಕೇಸು ವಾದಿಸುವುದು ಸಾಹೇಬರ ಕೆಲಸ. ಕಾಪಿ ಅರ್ಜಿ, ಛಾಪಾ ಕಾಗದ, ಜಾಮೀನುದಾರರನ್ನು ಹುಡುಕಿ ತಂದು ನಿಲ್ಲಿಸುವುದು ನನ್ನದು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಆದರೂ ಹೋದ ವರ್ಷ ಒಂದು ಶುಕ್ರವಾರ ಬಾಯಿ ತಪ್ಪಿ ಒಂದು ಮಾತು ಆಡಿಬಿಟ್ಟೆ.

ಜಾತ್ರೆಯಲ್ಲಿ ಹೊಡೆದಾಟ ಆಗಿ ಜೈಲು ಸೇರಿದ್ದ ಹುಡುಗ. ಸೆಷನ್ಸ್ ಕೋರ್ಟಿನಲ್ಲಿ ಮಧ್ಯಾಹ್ನ ಜಾಮೀನು ಆಯಿತು. ಹೊರಗೆ ಬೆಂಚಿನ ಮೇಲೆ ಅವನ ತಾಯಿ ಕೂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಒಂದು ಜೊತೆ ಚಪ್ಪಲಿ. ರಾತ್ರಿ ಪೊಲೀಸರು ಕರ್ಕೊಂಡು ಹೋದಾಗ ಮಗ ಬರಿಗಾಲಲ್ಲಿದ್ದನಂತೆ.

"ರಾತ್ರಿ ಊಟಕ್ಕೆ ಬತ್ತಾನಾ ಸ್ವಾಮಿ?"

"ಬರ್ತಾನೆ ಕಣಮ್ಮ," ಅಂದೆ.

ಅವನು ಬಂದಿದ್ದು ಮಂಗಳವಾರ ಸಂಜೆ.

ಆದೇಶದಲ್ಲಿ 50 ಸಾವಿರದ ಸ್ವಂತ ಮುಚ್ಚಳಿಕೆ, ಅಂದರೆ ಆರೋಪಿಯೇ ಬರೆದುಕೊಡುವ ಹೊಣೆಪತ್ರ, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ ಅಂತ ಇತ್ತು. ಇದನ್ನು ಕೇಳಿ ಹೆಚ್ಚಿನವರು ದುಡ್ಡು ಕಟ್ಟಬೇಕು ಅಂದ್ಕೊಂಡು ಒಡವೆ ಅಡ ಇಡೋಕೆ ಓಡುತ್ತಾರೆ. ಹಾಗಲ್ಲ. ಜಾಮೀನುದಾರ ಅವತ್ತು ದುಡ್ಡು ಕಟ್ಟಬೇಕಾಗಿಲ್ಲ. ಆರೋಪಿ ಮುಂದೆ ಕೋರ್ಟಿಗೆ ಬರದೆ ತಪ್ಪಿಸಿಕೊಂಡರೆ ಆ ಹಣಕ್ಕೆ ತಾನು ಹೊಣೆ ಅಂತ ಬರೆದುಕೊಡುತ್ತಾನೆ, ಅಷ್ಟೇ. ಆ ಹೊಣೆಗೆ ತಕ್ಕ ಆಸ್ತಿ ಇದೆಯಾ ಅಂತ ಕೋರ್ಟು ನೋಡುತ್ತದೆ. ನಮ್ಮ ಕಡೆ ಆಸ್ತಿ ಅಂದರೆ ಪಹಣಿ, ಜಮೀನು ಯಾರ ಹೆಸರಲ್ಲಿದೆ ಅಂತ ತೋರಿಸುವ ಕಂದಾಯ ದಾಖಲೆ.

ಹುಡುಗನ ಸೋದರಮಾವ ಪಹಣಿ ಹಿಡಿದುಕೊಂಡು ಬಂದಿದ್ದರು. ಎರಡು ಎಕರೆ ಚಿಲ್ಲರೆ. ಮೂವತ್ತು ವರ್ಷದಿಂದ ಅವರೇ ಉಳುತ್ತಿದ್ದಾರೆ. ಆದರೆ ಮಾಲೀಕರ ಹೆಸರು ಬರುವ ಕಾಲಂ 9ರಲ್ಲಿ ಇದ್ದದ್ದು ತೀರಿಹೋದ ಅವರ ಅಪ್ಪನ ಹೆಸರು. ಪೌತಿ ಖಾತೆ, ಅಂದರೆ ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿಯೇ ಇಲ್ಲ. ಅಣ್ಣತಮ್ಮಂದಿರ ಜಗಳ, ಯಾರೂ ಸಹಿ ಹಾಕಿಲ್ಲ. ಸತ್ತವರ ಹೆಸರಿನ ಜಮೀನು ತೋರಿಸಿ ಬದುಕಿರುವವರು ಜಾಮೀನು ನಿಲ್ಲೋಕೆ ಆಗುತ್ತಾ? ಕೋರ್ಟು ಒಪ್ಪಲಿಲ್ಲ. ಮಾರನೇ ದಿನ ಎರಡನೇ ಶನಿವಾರ, ಆಮೇಲೆ ಭಾನುವಾರ.

ಹುಡುಗ ಜೈಲು ಸೇರಿ ಎರಡು ವಾರ ಆಗಿತ್ತು. ಅಷ್ಟು ದಿನದಲ್ಲಿ ಆ ಪಹಣಿ ತರಿಸಿ ಒಂದು ಸಲ ಕಣ್ಣಾಡಿಸಿದ್ದರೆ ಸಾಕಿತ್ತು. ಆದೇಶ ಆಗಲಿ, ಆಮೇಲೆ ನೋಡೋಣ ಅಂತ ಸುಮ್ನೆ ಕೂತಿದ್ದೆ.

ಇಂಥ ಹೊತ್ತಲ್ಲೇ ಕೋರ್ಟಿನ ಮುಂದಿನ ಟೀ ಅಂಗಡಿ ಹತ್ತಿರ ಯಾರೋ ಬಂದು "ಜಾಮೀನುದಾರ ಬೇಕಾ ಅಣ್ಣ?" ಅಂತ ಕೇಳೋದು. ದುಡ್ಡಿಗೆ ನಿಲ್ಲುವವರು. ಆ ತಾಯಿಯನ್ನೂ ಕೇಳಿದ್ದರು. ಬೇಡವೇ ಬೇಡ ಅಂದೆ. ಬೇರೆ ಎಷ್ಟು ಜನರಿಗೆ ಜಾಮೀನು ನಿಂತಿದ್ದೀನಿ ಅಂತ ಜಾಮೀನುದಾರ ಕೋರ್ಟಿಗೆ ಹೇಳಲೇಬೇಕು, ಅದು ಕಾನೂನು. ಅಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅವನ ಮೇಲೂ ಕೇಸು, ಹುಡುಗನ ಜಾಮೀನಿಗೂ ಕುತ್ತು.

ಸೋಮವಾರ ಅವರ ಪಕ್ಕದ ಮನೆಯವರೇ ಬಂದರು. ಪಹಣಿ ಸ್ವಂತ ಹೆಸರಲ್ಲಿ, ಆಧಾರ್ ಇದೆ, ಫೋಟೋ ಇದೆ. "ಆರೋಪಿ ನಿಮಗೆ ಏನಾಗಬೇಕು?" ಅಂತ ಜಡ್ಜ್ ಕೇಳಿದಾಗ ಅವರು "ಏನೂ ಆಗಬೇಕಿಲ್ಲ ಸ್ವಾಮಿ, ನಮ್ಮ ಕಣ್ಣಮುಂದೆ ಬೆಳೆದ ಹುಡುಗ" ಅಂದರು. ಒಪ್ಪಿಗೆ ಆಯಿತು.

ಆಮೇಲಿನ ತಪ್ಪು ಪೂರ್ತಿ ನನ್ನದು. ಮುಚ್ಚಳಿಕೆ ಕಾಗದದಲ್ಲಿ ಕ್ರೈಂ ನಂಬರ್ 87 ಅನ್ನೋದನ್ನು 78 ಅಂತ ಟೈಪ್ ಮಾಡಿದ್ದೆ. ಅದನ್ನೇ ನೋಡಿ ಬರೆದ ಬಿಡುಗಡೆ ಆದೇಶದಲ್ಲೂ 78 ಬಂತು. ಜೈಲಿನ ದಾಖಲೆಗೆ ತಾಳೆ ಆಗದೆ ವಾಪಸ್ ಕಳಿಸಿದರು. ಅವರು ಮಾಡಿದ್ದು ಸರಿ. ತಪ್ಪು ಕಾಗದದ ಮೇಲೆ ತಪ್ಪು ಮನುಷ್ಯನನ್ನು ಬಿಟ್ಟರೆ ಯಾರು ಹೊಣೆ, ಅಲ್ವಾ? ಆ ರಾತ್ರಿ ಮತ್ತೆ ತಾಯಿಗೆ ಫೋನ್ ಮಾಡಿ ಹೇಳಿದ್ದು ನಾನೇ. ಬೈಯಲಿಲ್ಲ ಆಕೆ. ಬೈದಿದ್ದರೇ ಚೆನ್ನಾಗಿತ್ತು.

ಈಗ ಬಂಧನ ಆಯಿತು ಅಂತ ಯಾರೇ ಬಂದರೂ ವಕಾಲತ್ತಿಗೆ ಸಹಿ ಮಾಡಿಸುವ ಮೊದಲೇ "ಪಹಣಿ ಯಾರ ಹೆಸರಲ್ಲಿದೆ?" ಅಂತ ಕೇಳುತ್ತೇನೆ. ಬೇರೆ ಠಾಣೆಯಲ್ಲಿ ಇನ್ನೊಂದು ಕೇಸು, ವಾರೆಂಟು ಇದೆಯಾ ಅಂತಲೂ ಕೇಳುತ್ತೇನೆ. ಇದ್ದರೆ ಈ ಜಾಮೀನೊಂದರಿಂದ ಜೈಲಿನ ಬಾಗಿಲು ತೆಗೆಯಲ್ಲ. ಜಾಮೀನುದಾರ ಸಿಗದೆ ಒದ್ದಾಡುವವರಿಗೆ ಒಂದು ದಾರಿ ಇದೆ. ಜಾಮೀನು ಆಗಿ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಜೈಲಿನವರು ತಿಳಿಸಲಿ ಬಿಡಲಿ, ನೀವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿ ಇರುವವರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಷರತ್ತು ಸಡಿಲ ಮಾಡಿ ಅಂತ ಕೋರ್ಟನ್ನು ಕೇಳೋಕೂ ಬರುತ್ತದೆ.

"ಇವತ್ತೇ ಬರ್ತಾನೆ" ಅನ್ನೋ ಮಾತು ಮಾತ್ರ ಬಾಯಿಗೆ ತರಲ್ಲ.

ಮೊನ್ನೆ ಆ ಸೋದರಮಾವ ಆಫೀಸಿಗೆ ಬಂದಿದ್ದರು, ಪೌತಿ ಖಾತೆ ಅರ್ಜಿ ಹಿಡಿದುಕೊಂಡು. ತೆಗೆದು ನೋಡಿದೆ. ಒಬ್ಬ ತಮ್ಮನ ಸಹಿ ಇನ್ನೂ ಬಾಕಿ.