ಪೆಟ್ಟಿಗೆಯೊಳಗಿನ ಕೀಚ್ ಕೀಚ್

ಇವತ್ತು ಬೆಳಗ್ಗೆ ನಾನು ಸಾಕಿದ ಪುಟ್ಟ ಗಿಣಿಗಳ ಗೂಡಿನ ಪೆಟ್ಟಿಗೆಯಿಂದ ಸಣ್ಣ ಸದ್ದು. ಮೊದಲ ಮೊಟ್ಟೆ ಒಡೆದಿದೆ! 18 ದಿನದ ಲೆಕ್ಕ ಸರಿಯಾಗಿಯೇ ಬಂತು. ಮರಿ ಅಂದ್ರೆ ಒಂದು ಗುಲಾಬಿ ಮಾಂಸದ ಚೂರು ಅಷ್ಟೇ. ಪುಕ್ಕವಿಲ್ಲ, ಕಣ್ಣು ತೆರೆದಿಲ್ಲ. ತಲೆ ಎತ್ತಿ ನಡುಗುತ್ತಾ ಮತ್ತೆ ಧಪ್ ಅಂತ ಬೀಳುತ್ತೆ.

ನಮ್ಮ ಕಲಬುರಗಿಯಲ್ಲಿ ಎಲ್ಲರೂ ಇವನ್ನ ಲವ್ ಬರ್ಡ್ಸ್ ಅಂತಾರೆ. ಅಸಲಿ ಲವ್ ಬರ್ಡ್ಸ್ ಆಫ್ರಿಕಾದವು, ಇವು ಆಸ್ಟ್ರೇಲಿಯಾದ ಬಡ್ಜಿಗಳು. ಹೋದ ವರ್ಷ ಜೋಡಿ ಅಂತ ತಂದು ಆರು ತಿಂಗಳು ಮೊಟ್ಟೆಗೆ ಕಾದೆ. ಎರಡೂ ಗಂಡು! ಕೊಕ್ಕಿನ ಮೇಲಿನ ಮೂಗಿನ ಭಾಗ ನೀಲಿ ಇದ್ರೆ ಸಾಮಾನ್ಯವಾಗಿ ಗಂಡು, ಕಂದು ಇದ್ರೆ ಬೆದೆಗೆ ಬಂದ ಹೆಣ್ಣು ಅಂತ ಆಮೇಲೆ ಗೊತ್ತಾಯ್ತು. ಮಾರಿದವನಿಗೂ ಗೊತ್ತಿತ್ತೋ ಏನೋ.

ಬೇಸಿಗೆಯಲ್ಲಿ ನಮ್ಮೂರು 42 ಡಿಗ್ರಿ ಮುಟ್ಟುತ್ತೆ, ಆ ಕಾವಲ್ಲಿ ಮರಿ ಬದುಕೋದು ಕಷ್ಟ. ಅದಕ್ಕೇ ಈ ಸಲ ದೀಪಾವಳಿ ಮುಗಿದ ಮೇಲೆ ಪೆಟ್ಟಿಗೆ ಕಟ್ಟಿದೆ. ತಿನ್ನೋಕೆ ನವಣೆ, ಕೊತ್ತಂಬರಿ ಸೊಪ್ಪು, ಸುಣ್ಣದಂಶಕ್ಕೆ ಕಟಲ್ ಬೋನ್ ಅನ್ನೋ ಕಡಲಜೀವಿಯ ಒಳಚಿಪ್ಪು. ಹೆಣ್ಣು ಒಳಗೇ ಕೂತಿರುತ್ತೆ, ಗಂಡು ತೂತಿನ ಹತ್ರ ಬಂದು ತಾನು ತಿಂದದ್ದನ್ನೇ ಕಕ್ಕಿ ಅದರ ಬಾಯಿಗಿಡುತ್ತೆ. ಮದುವೆಯಾಗಿ ಒಂಬತ್ತು ವರ್ಷ, ನಾನು ಒಂದು ಚಹಾನೂ ಮಾಡಿಕೊಟ್ಟಿಲ್ಲ ಅಂತ ಸುಮ್ನೆ ನೆನಪಾಯ್ತು.

ಮೊಬೈಲ್ ಟಾರ್ಚ್ ಹಾಕಿ ಮತ್ತೆ ಹಣಕಿದೆ. ಹಿಂದಿನಿಂದ ಅವ್ವ, "ಬಾಣಂತಿ ಕೋಲ್ಯಾಗ ಹಂಗ ಹಣಿಕಿ ಹಾಕಬಾರ್ದೋ, ಸರಿ ಅತ್ಲಾಗ" ಅಂದಳು.

ಇನ್ನೂ ನಾಲ್ಕು ಮೊಟ್ಟೆ ಬಾಕಿ. ದಿನ ಬಿಟ್ಟು ದಿನ ಇಟ್ಟಿದ್ದು, ಮುಂದಿನದು ನಾಳಿದ್ದು ಒಡೆಯಬೇಕು.