ಇಟಗಿ ಕಡ್ಲಿ ಹೊಲದಾಗ ಉಲ್ಕೆ ಹಿಡಿಯಾಕ ಹೋಗಿದ್ವಿ, ನೀವೂ ಹೊಂಟಿದ್ರ ಇದನ್ನ ಓದ್ರಿ

ಕೊಪ್ಪಳ ಜಿಲ್ಲಾದಾಗಿನ ಇಟಗಿ ಮಹಾದೇವ ಗುಡಿ ಮುಂದ ಟ್ರೈಪಾಡ್ ಇಟ್ಟು, ಶಿಖರದ ಮ್ಯಾಲ ಉಲ್ಕೆ ಬೀಳೋ ಫೋಟೋ ತಗೀಬೇಕು ಅಂತ ಯಾರರ ಪ್ಲಾನ್ ಹಾಕಿದ್ರ ಅದನ್ನ ಈಗಲೇ ಕೈಬಿಡ್ರಿ. ನಾನೂ ಅದೇ ಆಸೆ ಇಟ್ಕೊಂಡು ಬಳ್ಳಾರ್ಯಾಗ ರೈಲು ಹತ್ತಿದ್ದೆ. ಗುಡಿ ಕೇಂದ್ರದ ಪುರಾತತ್ವ ಇಲಾಖೆಯದು, ಹೊತ್ತು ಮುಳುಗಿದ ಮ್ಯಾಲ ಒಳಗ ಬಿಡಂಗಿಲ್ಲ, ಟ್ರೈಪಾಡ್ ಇಡಬೇಕಂದ್ರ ಹಗಲಿನ್ಯಾಗೂ ಮೊದಲ ಪರ್ಮಿಶನ್ ಬೇಕು. ಹಂಗಂತ ಗುಡಿ ಬಿಡಬ್ಯಾಡ್ರಿ, ಮಧ್ಯಾಹ್ನ ಹೋಗಿ ನೋಡ್ರಿ. 1112ರಾಗ ಚಾಲುಕ್ಯ ದೊರಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಾಗ ದೇವಾಲಯ ಚಕ್ರವರ್ತಿ ಅಂತ ಬರದಾರ, ಆ ಕಂಬ ನೋಡಿದ್ರ ಸುಮ್ನ ಬರದಿಲ್ಲ ಅಂತ ಗೊತ್ತಾಗ್ತೈತಿ. ರಾತ್ರಿ ಕೆಲಸಕ್ಕ ಮಾತ್ರ ಹೊಲಾನೇ ಗತಿ.

ನಾವು ಹೋಗಿದ್ದು 2023ರ ಡಿಸೆಂಬರ್ 14, ಜೆಮಿನಿಡ್ಸ್ ಉಲ್ಕಾಪಾತಕ್ಕ. ಅಮಾಸಿ ಆಗಿ ಎರಡ ದಿನ ಆಗಿತ್ತು, ಉಗುರಿನ ಗೆರಿಯಂಥ ಚಂದ್ರ ಸಂಜಿಗೇ ಮುಳುಗಿ ಹೋದ. ದಿನ ಗೊತ್ತು ಮಾಡೋದಂದ್ರ ಮೊದಲ ಕ್ಯಾಲೆಂಡರ್‌ನಾಗ ಅಮಾಸಿ ಹುಡುಕ್ರಿ, ಕ್ಯಾಮೆರಾ ಯಾವುದು ಅನ್ನೋದು ಆಮ್ಯಾಲಿನ ಮಾತು. ಮರುವರ್ಷ 2024ರಾಗ ಅದೇ ಟೈಮಿಗೆ ಹುಣ್ಣಿವಿ ಬಂದಿತ್ತು, ನಾವು ಮನಿ ಬಿಟ್ಟು ಹೊರಗೂ ಬರಲಿಲ್ಲ. ಆಗಸ್ಟ್‌ನಾಗ ಬರೋ ಪರ್ಸೀಡ್ಸ್ ಬಗ್ಗೆ ಜನ ಭಾಳ ಬರೀತಾರ, ಆದ್ರ ನಮ್ಮ ಕಡಿ ಆಗ ಮೋಡ, ಅದನ್ನ ನಂಬಿ ಲೀವ್ ಹಾಕಬ್ಯಾಡ್ರಿ. ಅದೂ ಅಲ್ದ ಪರ್ಸೀಡ್ಸ್ ಸೆಕೆಂಡಿಗೆ 59 ಕಿಮೀ ವೇಗದಾಗ ಬರ್ತಾವ, ಜೆಮಿನಿಡ್ಸ್ 35 ಅಷ್ಟೇ, ಹಂಗಾಗಿ ಇವು ಸಾವಕಾಶ ಹಾಯ್ತಾವ, ಕ್ಯಾಮೆರಾ ಸೆನ್ಸರ್ ಮ್ಯಾಲ ಗೆರಿ ಚಲೋ ಮೂಡ್ತೈತಿ. ಬಾಕಿ ಉಲ್ಕಾಪಾತ ಹೆಚ್ಚಿನವು ಧೂಮಕೇತು ಬಿಟ್ಟು ಹೋದ ಧೂಳಿನಿಂದ ಆಗ್ತಾವ, ಇದು ಫೇಥಾನ್ ಅನ್ನೋ ಕ್ಷುದ್ರಗ್ರಹದ್ದು, ಅದನ್ನ 1983ರಾಗ ಐರಾಸ್ ಅನ್ನೋ ಉಪಗ್ರಹ ಕಂಡುಹಿಡೀತು.

ದಾರಿ ಸುಲಭ. ಕೊಪ್ಪಳಕ್ಕ ರೈಲು, ಅಲ್ಲಿಂದ ಗದಗ ರೋಡ್ ಹಿಡಿದು ಭಾನಾಪುರ, ಬನ್ನಿಕೊಪ್ಪ ಕಡಿಂದ ಹೈವೇ ಬಿಟ್ಟು ಒಳಗ. ಕುಕನೂರಿಗೆ ಬಸ್ ಸಿಗ್ತಾವ, ಆದ್ರ ಟೆಲಿಸ್ಕೋಪ್ ಇದ್ರ ಬಸ್ ಹೆಸರು ತಗೀಬ್ಯಾಡ್ರಿ. ನಮ್ಮ ಗೆಳೆಯನ ಓಮ್ನಿ ಇತ್ತು, ಹಿಂದಿನ ಸೀಟ್ ತಗದು ಆರು ಇಂಚಿನ ಡಾಬ್ಸೋನಿಯನ್ ಅನ್ನೋ ಕನ್ನಡಿ ಟೆಲಿಸ್ಕೋಪ್ ಮಲಗಿಸಿ, ಅದರ ಮ್ಯಾಲ ಎರಡು ಕೌದಿ ಹೊಚ್ಚಿದ್ವಿ, ಚೆಕ್‌ಪೋಸ್ಟ್‌ನಾಗ ಪೊಲೀಸಣ್ಣ ಒಬ್ರು ಬ್ಯಾಟರಿ ಬಿಟ್ಟು ನೋಡಿ ಯಾರಿಗೆ ಆರಾಮಿಲ್ಲ ಅಂತ ಕೇಳಿದ್ರು.

ಹೊಲ ಗೆಳೆಯನ ಸಂಬಂಧಿಕರದು, ನಾನೂ ಅವರನ್ನ ಕಾಕಾ ಅಂತೀನಿ. ಗುರುತಿಲ್ಲದ ಹೊಲಕ್ಕ ರಾತ್ರಿ ಕಾಲಿಡಲೇಬ್ಯಾಡ್ರಿ. ಹಂದಿ ಕಾಟಕ್ಕ ಕೆಲವರು ಬೇಲಿ ತಂತಿಗೆ ಕರೆಂಟ್ ಬಿಟ್ಟಿರ್ತಾರ, ಅದು ಕಾಯ್ದೆ ಪ್ರಕಾರ ತಪ್ಪು, ಆದ್ರ ಕತ್ತಲದಾಗ ನಿಮಗ ಆ ತಂತಿ ಕಾಣೋದಿಲ್ಲ. ಮಾಲಕರ ಜೊತಿ ಹಗಲಿನ್ಯಾಗ ಒಂದು ಸುತ್ತು ಹಾಕ್ರಿ, ಎಲ್ಲಿ ಕುಂದ್ರೋದು, ಎಲ್ಲಿ ಬಾವಿ, ಎಲ್ಲಿ ತಂತಿ ಎಲ್ಲಾ ನೋಡ್ಕೊಂಡು ಬರ್ರಿ. ಬ್ಯಾಟರಿ ಬಾಯಿಗೆ ಕೆಂಪು ಜಿಲೇಟಿನ್ ಹಾಳಿ ಕಟ್ರಿ, ಬಿಳಿ ಬೆಳಕು ಒಂದ ಸಲ ಕಣ್ಣಿಗೆ ಬಿತ್ತಂದ್ರ ಮತ್ತ ಕತ್ತಲಕ್ಕ ಹೊಂದಾಕ ಇಪ್ಪತ್ತು ನಿಮಿಷ ಬೇಕು.

ಬೆಳಕಿನ ವಿಷಯ ಹೇಳಬೇಕಂದ್ರ ಪೂರ್ವಕ್ಕ ಕೊಪ್ಪಳ, ಗಿಣಿಗೇರಿ ಕಡಿ ಆಕಾಶದ ಬುಡ ಕೆಂಪಗ ಇರ್ತೈತಿ, ಅದನ್ನ ಏನೂ ಮಾಡಾಕ ಆಗಂಗಿಲ್ಲ. ನಾವು ಲೆಕ್ಕಕ್ಕ ತಗೊಳ್ಳದ ಇದ್ದದ್ದು ಅಂದ್ರ ಫ್ಯಾನು, ಅದೇ ಕರೆಂಟ್ ಮಾಡೋ ಗಾಳಿ ಫ್ಯಾನು. ಹಗಲಿನ್ಯಾಗ ಚಂದ ಕಾಣ್ತಾವ, ರಾತ್ರಿ ಆದ್ರ ಒಂದೊಂದರ ತಲಿ ಮ್ಯಾಲೂ ಕೆಂಪು ದೀಪ ಮಿಣುಕ್ತೈತಿ, 15 ಸೆಕೆಂಡ್ ಎಕ್ಸ್‌ಪೋಜರ್‌ದಾಗ ಕ್ಷಿತಿಜದ ಗುಂಟ ಕುಂಕುಮ ಇಟ್ಟಂಗ ಸಾಲು. ಕ್ಯಾಮೆರಾ ಸ್ವಲ್ಪ ಎತ್ತಿ ಹಿಡಿದ್ರ ಆತು, ಉಲ್ಕೆ ಅರ್ಧ ಆಕಾಶದ ಎತ್ತರಕ್ಕೇ ಹೆಚ್ಚು ಚಲೋ ಕಾಣ್ತಾವ.

ಸಂಜಿ ಏಳಕ್ಕೇ ಟೆಲಿಸ್ಕೋಪ್ ಹೊರಗ ಇಟ್ವಿ. ಓಮ್ನಿಯೊಳಗ ಕಾದ ಕನ್ನಡಿ ಹೊರಗಿನ ಥಂಡಿಗೆ ಹೊಂದಾಕ ಏನಿಲ್ಲಂದ್ರೂ ಮುಕ್ಕಾಲು ತಾಸು ಬೇಕು, ಅಷ್ಟರೊಳಗ ನೋಡಿದ್ರ ಗುರು ಗ್ರಹ ರೊಟ್ಟಿ ಹಂಚಿನ ಝಳದಾಗ ಕಂಡಂಗ ಕುಣೀತೈತಿ. ಇನ್ನೊಂದು, ಒಂಬತ್ತರ ಸುಮಾರಿಗೆ ಗುರು ಸರಿಯಾಗಿ ನೆತ್ತಿ ಮ್ಯಾಲ ಬಂತು, ಡಾಬ್ಸೋನಿಯನ್‌ಗೆ ಅದೊಂದು ಪೀಡೆ, ಕೊಳವಿ ನೆಟ್ಟಗ ನಿಂತು ಎತ್ತ ತಿರುವಬೇಕು ಅಂತ ತಿಳಿಯಂಗಿಲ್ಲ. ಎಂಟರ ಒಳಗ ವಿಡಿಯೋ ಮುಗಿಸಿಕೊಂಡವರು ಜಾಣರು.

ವಿಡಿಯೋ ಅಂದೆ, ಫೋಟೋ ಅಲ್ಲ. ಗ್ರಹಕ್ಕ ಒಂದು ಫೋಟೋ ಹೊಡದ್ರ ಗಾಳಿ ಅಲುಗಾಡಿದ ಆ ಕ್ಷಣ ಏನು ಬರ್ತೈತೋ ಅದೇ ಗತಿ. ಅದರ ಬದಲಿ ಟೆಲಿಸ್ಕೋಪ್‌ನಾಗ ಕಣ್ಣಿಟ್ಟು ನೋಡೋ ಐಪೀಸ್‌ಗೆ ಫೋನ್ ಹೋಲ್ಡರ್ ಹಾಕಿ ಒಂದೊಂದು ನಿಮಿಷದ ವಿಡಿಯೋ ತಗೀರಿ, ಮನಿಗೆ ಬಂದು ಕಂಪ್ಯೂಟರ್ ಸಾಫ್ಟ್‌ವೇರ್ ಆಟೋಸ್ಟ್ಯಾಕರ್ಟ್‌ನಾಗ ಹಾಕಿದ್ರ ಅದು ಚಲೋ ಫ್ರೇಮ್ ಆರಿಸಿ ಒಂದರ ಮ್ಯಾಲ ಒಂದು ಹೊಂದಸ್ತೈತಿ, ಫ್ರೀ ಐತಿ. ಭಾಳ ಉದ್ದ ವಿಡಿಯೋ ಬ್ಯಾಡ, ಗುರು ಹತ್ತು ತಾಸಿನೊಳಗ ತನ್ನ ಸುತ್ತ ತಾನು ಒಂದು ಸುತ್ತು ಹಾಕ್ತಾನ, ಪಟ್ಟಿಗಳು ಜಾರಿ ಮಸಕ ಆಗ್ತಾವ. ಫೋನ್ ಸ್ಕ್ರೀನ್ ಮ್ಯಾಲ ಗುರುವನ್ನ ಒತ್ತಿ ಬ್ರೈಟ್‌ನೆಸ್ ಇಳಿಸ್ರಿ, ಇಲ್ಲಂದ್ರ ಬಿಳಿ ಗುಳಿಗಿ ಅಷ್ಟೇ ಕಾಣೋದು. ಇಳಿಸಿದ್ರ ಪಟ್ಟಿ ಕಾಣ್ತಾವ, ಗುರುವಿನ ನಾಕು ಚಂದ್ರ ಮಾಯ ಆಗ್ತಾವ. ಎರಡೂ ಬೇಕಂದ್ರ ಎರಡು ವಿಡಿಯೋ ತಗದು ಆಮ್ಯಾಲ ಜೋಡಿಸ್ರಿ.

ಕಾಕಾನ ಮಗ, ಪಿಯುಸಿ ಓದ್ತಾನ, ನನ್ನ ಸ್ಕ್ರೀನ್ ನೋಡಿ ಅಂದ, "ಅಣ್ಣಾ, ನೆಟ್‌ನಾಗ ಗುರು ಸುಳಿ ಸುಳಿ ಎಷ್ಟು ಚಂದ ಇರ್ತೈತಿ, ನಿಂದೇನು ಬಟಾಣಿ ಇದ್ದಂಗ ಐತಿ?" ಕೇಳಿದ್ದು ಖರೇನೇ ಇತ್ತು. ಆ ಸುಳಿ ಸುಳಿ ಫೋಟೋ ತಗಿಯೋದು ನಾಸಾದ ಜುನೋ ನೌಕೆ, 2016ರಿಂದ ಗುರುವಿನ ಸುತ್ತ ತಿರುಗಾಕತ್ತೈತಿ, ಸುತ್ತಿನೊಳಗೊಮ್ಮೆ ಮೋಡದ ತುದಿಯಿಂದ ಕೆಲವು ಸಾವಿರ ಕಿಮೀ ಹತ್ರ ಹೋಗ್ತೈತಿ. ನಾವು 60 ಕೋಟಿ ಕಿಮೀ ಆಚಿಂದ ನೋಡೋರು. ಅದು ಬಿಡ್ರಿ, ಜುನೋ ಕೆಲಸಾನೂ ಸಲೀಸಿಲ್ಲ, ಇಡೀ ನೌಕೆ ನಿಮಿಷಕ್ಕ ಎರಡು ಸುತ್ತು ಗಿರಗಿರ ತಿರುಗ್ತಿರ್ತೈತಿ, ಕ್ಯಾಮೆರಾ ಚಿತ್ರಾನ ಪಟ್ಟಿ ಪಟ್ಟಿ ಮಾಡಿ ಹಿಡೀತೈತಿ. ಆ ಹಸಿ ಡೇಟಾನ ನಾಸಾ ಎಲ್ಲಾರಿಗೂ ಬಿಟ್ಟುಕೊಡ್ತೈತಿ, ನೀವು ನೋಡೋ ಚಂದ ಚಂದ ಫೋಟೋದಾಗ ಎಷ್ಟೋ ನಮ್ಮಂಥ ಹವ್ಯಾಸಿಗಳೇ ಮನ್ಯಾಗ ಕುಂತು ಹೊಂದಿಸಿದ್ದು. ಹುಡುಗನಿಗೆ ಇದನ್ನ ಹೇಳಿದ್ದೇ ತಡ, ಟೆಲಿಸ್ಕೋಪ್ ಬಿಟ್ಟು ಫೋನ್‌ನಾಗ ಅದನ್ನೇ ಹುಡುಕ್ಕೊಂತ ಕುಂತ. ನಿಮ್ಮ ಜೊತಿ ಹುಡುಗರು ಬಂದ್ರ ಈ ವಿಷಯ ಮರುದಿನ ಹೇಳ್ರಿ.

ಜುನೋಗೆ ನಡುವ ಗಾಳಿ ಇಲ್ಲ, ನಮಗ ಐತಿ, ವ್ಯತ್ಯಾಸ ಬರೇ ದೂರದ್ದಲ್ಲ. ಆದ್ರ ಗುರುವನ್ನ ಕೆಡಿಸಿದ ಅದೇ ಗಾಳಿ ಇಲ್ಲದಿದ್ರ ನಾವು ಬಂದ ಉಲ್ಕೆನೂ ಇಲ್ಲ, ಕಾಳಿನಷ್ಟು ಚೂರು ನೂರು ಕಿಮೀ ಎತ್ತರದಾಗ ಗಾಳಿಗೆ ಬಡಿದು ಉರಿದ್ರೇ ಅದು ಉಲ್ಕೆ. ಬಾಹ್ಯಾಕಾಶ ನಿಲ್ದಾಣದಾಗ ಇದ್ದೋರಿಗೆ ಅದು ಕಾಲ ಕೆಳಗ ಆಗ್ತೈತಿ, 2011ರ ಆಗಸ್ಟ್‌ನಾಗ ರಾನ್ ಗ್ಯಾರನ್ ಅನ್ನೋ ಗಗನಯಾತ್ರಿ ಮ್ಯಾಲಿಂದ ಕೆಳಗ ನೋಡಿ ಒಂದು ಪರ್ಸೀಡ್ ಹಿಡಿದಾರ, ಆ ಫೋಟೋ ಒಮ್ಮೆ ಹುಡುಕಿ ನೋಡ್ರಿ, ತಲಿ ತಿರುಗ್ತೈತಿ.

ಉಲ್ಕೆಗೆ ನನ್ನ ಸೆಟ್ಟಿಂಗ್ ಇಷ್ಟು: ಹಳೇ ಡಿಎಸ್‌ಎಲ್‌ಆರ್, ಕಿಟ್ ಲೆನ್ಸ್ 18 ಮಿಮೀ, ಎಫ್ 3.5, ಐಎಸ್‌ಒ 3200, 15 ಸೆಕೆಂಡ್, ರಾ ಫೈಲ್. ನಾಯ್ಸ್ ರಿಡಕ್ಷನ್ ಆಫ್ ಮಾಡ್ರಿ, ಆನ್ ಇದ್ರ ಒಂದೊಂದು ಫೋಟೋಕ್ಕೂ ಅಷ್ಟೇ ಹೊತ್ತು ಮತ್ತ ಕಾಯಿಸ್ತೈತಿ, ಆ ಹೊತ್ತಿನ್ಯಾಗೇ ದೊಡ್ಡದು ಬೀಳ್ತೈತಿ. ರಿಮೋಟ್ ಬಟನ್ ಲಾಕ್ ಮಾಡಿ ಒಂದರ ಹಿಂದ ಒಂದು ಬಿಟ್ಟುಬಿಡ್ರಿ. ಚಲೋ ಫೋನ್ ಇದ್ರ ಪ್ರೊ ಮೋಡ್‌ನಾಗೂ ಬರ್ತಾವ, ಗೆಳೆಯನ ಫೋನಿಗೆ ಎರಡು ಸಿಕ್ವು. ಫೋಕಸ್ ಆಟೋ ಬ್ಯಾಡ, ಲೈವ್ ವ್ಯೂದಾಗ ಗುರುವನ್ನೇ ಹತ್ತು ಪಟ್ಟು ದೊಡ್ಡದು ಮಾಡಿ ಸಣ್ಣ ಚುಕ್ಕಿ ಆಗೋ ತನಕ ತಿರುವ್ರಿ, ಆಮ್ಯಾಲ ಆ ರಿಂಗ್‌ಗೆ ಇನ್ಸುಲೇಷನ್ ಟೇಪ್ ಸುತ್ರಿ. ಈ ಟೇಪ್ ನಾನು ಸುತ್ತಿರಲಿಲ್ಲ. ಎರಿ ಮಣ್ಣಾಗ ಟ್ರೈಪಾಡ್ ಕಾಲು ಇಳೀತಾವ, ಕೆಳಗ ಹಂಚಿನ ಚೂರರ ಇಡ್ರಿ.

ಕಾಕಾ ಹೊಲ ತೋರಸೋ ಮುಂದನ ಹೇಳಿದ್ದ, "ತಮ್ಮಾ, ಕಡ್ಲ್ಯಾಗ ಬ್ಯಾಡೋ, ಕಣದಾಗ ಕುಂದ್ರು. ಇಲ್ಲಿ ರಾತ್ರಿ ಅರಿವಿ ಹಾಸಿದ್ರ ಮುಂಜಾನಿ ಹಿಂಡಿ ಹುಳಿ ತಗೀತೀವಿ." ಕಡ್ಲಿ ಹುಳಿ ಗೊತ್ತಲ್ಲ, ಗಿಡದ ಮ್ಯಾಲಿನ ಹುಳಿಯೊಳಗ ಇಬ್ಬನಿ ಕೂಡಿದ್ದನ್ನ ಬಟ್ಟಿಗೆ ಹೀರಿಸಿ ಹಿಂಡ್ತಾರ, ಹೊಟ್ಟಿ ನೋವಿಗೆ ಔಷಧ. ಅಂಥಾ ಇಬ್ಬನಿ ಜಾಗ ಅಂತ ಮನಷಾ ಬಾಯಿ ಬಿಟ್ಟು ಹೇಳಿದ್ರೂ ನಾನು ಕಣದ ಹತ್ರ ಬೇವಿನ ಗಿಡ ಅಡ್ಡ ಬರ್ತೈತಿ ಅಂತ ಕಡ್ಲಿ ಹೊಲದ ನಡುಕಿನ ಬದುವಿಗೇ ಇಟ್ಟೆ. ಹತ್ತೂವರಿಗೆ ಶುರು ಮಾಡಿದ್ದು, ಹನ್ನೆರಡೂವರಿ ತನಕ ಆಕಾಶ ತಾನಾಗೇ ಕೊಡ್ತು, ಹಸಿರು ಛಾಯೆಯ ಒಂದು ದೊಡ್ಡದು ಪುನರ್ವಸು ಕಡಿಂದ ಬಂದು ಫ್ಯಾನಿನ ಸಾಲಿನ ತನಕ ಇಳೀತು, ಮೂರೂ ಮಂದಿ ಒದರಿಬಿಟ್ವಿ. ಆಮ್ಯಾಲ ನಾವು ಕೌದಿ ಹೊಚ್ಕೊಂಡು ಅಂಗಾತ ಮಲಗಿ ಎಣಿಸ್ಕೊಂತ ಇದ್ವಿ, ಕ್ಯಾಮೆರಾ ತನ್ನಷ್ಟಕ್ಕ ಟಕ್ ಟಕ್ ಅಂತಿತ್ತು. ಒಂದೂವರಿಗೆ ಎದ್ದು ಸ್ಕ್ರೀನ್ ನೋಡಿದ್ರ ಬರೇ ಹಾಲು. ಹಿಂದಕ್ಕ ಸರಿಸಿ ನೋಡಿದೆ, 12:50ರಿಂದಲೇ ಲೆನ್ಸ್ ಮ್ಯಾಲ ಇಬ್ಬನಿ ಕುಂತಿತ್ತು, ನಲವತ್ತು ನಿಮಿಷ ಮಣ್ಣಾಗ ಹೋತು.

ಅರಿವಿಲೆ ಒರಸಿದ್ರ ಎರಡ ನಿಮಿಷಕ್ಕ ಮತ್ತ ಮುಸುಕು. ಗಾಜು ಇಬ್ಬನಿ ಕಟ್ಟುವಷ್ಟು ತಣ್ಣಗ ಆದ್ರ ನೀರು ಕೂಡೋದೇ, ಒರಸೋದು ಉಪಾಯ ಅಲ್ಲ, ಬೆಚ್ಚಗ ಇಡೋದು ಉಪಾಯ. ಕಾಕಾ ಬೆಂಕಿ ಮುಂದ ಕುಂತು ಮೊಣಕಾಲಿಗೆ ಉಪ್ಪಿನ ಕಾವು ಕೊಟ್ಕೊಂಡಿದ್ದ, ಹುರಿದ ಉಪ್ಪನ್ನ ಅರಿವ್ಯಾಗ ಕಟ್ಟಿದ ಗಂಟು. ಅದನ್ನ ಗೆಳೆಯ ಕೇಳಿ ಇಸ್ಕೊಂಡು ತನ್ನ ಕಾಲಚೀಲದಾಗ ಸುರುವಿ ಲೆನ್ಸ್ ಸುತ್ತ ಕಟ್ಟಿದ. ಕಾಕಾ ನೋಡಿ, "ಅದಕ್ಕೂ ವಾಯಿ ಹಿಡಿದೈತೇನು" ಅಂದ. ಹತ್ತು ನಿಮಿಷಕ್ಕ ಗಾಜು ಕನ್ನಡಿ ಆತು. ಅರ್ಧ ತಾಸಿಗೊಮ್ಮೆ ಉಪ್ಪು ಮತ್ತ ಹುರೀಬೇಕು, ಕೈಗೆ ಹಿಡಿಯುವಷ್ಟು ಬಿಸಿ ಸಾಕು, ಅದಕ್ಕಿಂತ ಹೆಚ್ಚು ಬ್ಯಾಡ. ಆನ್‌ಲೈನ್‌ದಾಗ ಯುಎಸ್‌ಬಿ ಪಟ್ಟಿ ಸಿಗ್ತಾವ, ಪವರ್ ಬ್ಯಾಂಕ್‌ಗೆ ಹಚ್ಚಿದ್ರ ಬೆಚ್ಚಗ ಇರ್ತಾವ, ಈಗ ಅದನ್ನೇ ತಗೊಂಡೀನಿ. ಆವತ್ತು ಕಾಲಚೀಲ ಕಟ್ಟೋ ಮುಂದ ಫೋಕಸ್ ರಿಂಗ್ ಕೂದಲಷ್ಟು ತಿರುಗಿ ಮುಂದಿನ ಒಂದು ತಾಸಿನ ಚುಕ್ಕಿ ಎಲ್ಲಾ ಉಬ್ಬಿಕೊಂಡಾವ. ಹತ್ತು ರೂಪಾಯಿ ಟೇಪ್.

ಮೂರರ ತನಕ ಸಾವಿರದ ಹತ್ರ ಫ್ರೇಮ್ ಆದ್ವು, ಕಣ್ಣಿಗೆ ಕಂಡದ್ದು 80ರ ಮ್ಯಾಲ, ಕ್ಯಾಮೆರಾದಾಗ ಸಿಕ್ಕದ್ದು ಒಂಬತ್ತು. ತಾಸಿಗೆ 150 ಬೀಳ್ತಾವ ಅಂತ ಪೇಪರ್‌ನಾಗ ಬರಿಯೋದು ಪೂರ್ತಿ ಕತ್ತಲು, ಜೆಮಿನಿಡ್ಸ್ ಹೊರಟು ಬಂದಂಗ ಕಾಣೋ ಮಿಥುನ ರಾಶಿ ನೆತ್ತಿ ಮ್ಯಾಲ ಇದ್ದಾಗಿನ ಲೆಕ್ಕ, ಅದನ್ನ ನಂಬಿ ಬಂದು ಬೈಕೋಬ್ಯಾಡ್ರಿ. ಮೊದಲ ನಾನು 21 ಅಂತ ಸ್ಟೇಟಸ್ ಹಾಕಿದ್ದೆ, ಆಮ್ಯಾಲ ನೋಡಿದ್ರ ಅದರಾಗ ಹನ್ನೆರಡು ವಿಮಾನ, ಉಪಗ್ರಹ. ಉಲ್ಕೆ ಒಂದೇ ಫ್ರೇಮ್‌ನಾಗ ಇರ್ತೈತಿ, ಎರಡೂ ತುದಿ ಚೂಪು ನಡುವ ದಪ್ಪ. ಗೆರಿ ಮುಂದಿನ ಫ್ರೇಮ್‌ನಾಗೂ ಮುಂದುವರಿದಿದ್ರ ಅದು ಉಪಗ್ರಹ, ಚುಕ್ಕಿ ಚುಕ್ಕಿ ಇದ್ರ ವಿಮಾನ. ಸ್ಟೇಟಸ್ ಅಳಿಸಿದೆ.

ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ರಿ, ರಾತ್ರಿ ಅಲ್ಲಿ ಏನೂ ಸಿಗಂಗಿಲ್ಲ. ಕ್ಯಾಮೆರಾ ಬ್ಯಾಟರಿ ಮೂರು ಬೇಕು, ಥಂಡಿಗೆ ಲಗೂನ ಇಳೀತಾವ, ಉಳಿದ ಎರಡನ್ನ ಬನಿಯನ್ ಕಿಸೆದಾಗ ಇಟ್ಕೊಳ್ರಿ.

ನಾವು ಬಂದ ಎರಡು ವಾರಕ್ಕ, ಡಿಸೆಂಬರ್ 30ಕ್ಕ, ಜುನೋ ಗುರುವಿನ ಚಂದ್ರ ಅಯೋದಿಂದ 1500 ಕಿಮೀ ಅಂತರದಾಗ ಹಾದುಹೋತು, ಗುಡ್ಡ, ಜ್ವಾಲಾಮುಖಿ ಎಲ್ಲಾ ಕಾಣೋ ಫೋಟೋ ಬಂದ್ವು. ನನ್ನ ವಿಡಿಯೋದಾಗ ಅದೇ ಅಯೋ ಗುರುವಿನ ಬಲಕ್ಕ ಒಂದು ಚುಕ್ಕಿ. ಎರಡನ್ನೂ ಜೋಡಿಸಿ ಕಾಕಾನ ಮಗನಿಗೆ ಕಳಿಸಿದೆ, ಅವ ಚುಕ್ಕಿ ಸುತ್ತ ಕೆಂಪು ಗೆರಿ ಎಳೆದು ತನ್ನ ಡಿಪಿ ಮಾಡ್ಕೊಂಡಾನ.

ಹೋಗೋರು 2026ರ ಡಿಸೆಂಬರ್ 13, 14 ನೋಡಿಟ್ಕೊಳ್ರಿ, ಅಮಾಸಿ ಆಗಿ ನಾಕೈದು ದಿನ ಆಗಿರ್ತೈತಿ, ಚಂದ್ರ ನಡುರಾತ್ರಿಗಿಂತ ಮೊದಲ ಮುಳುಗ್ತಾನ. ನಾವಂತೂ ಹೊಂಟೀವಿ. ಆ ವರ್ಷ ಬಿಳಿಜ್ವಾಳ ಹಾಕ್ತೀನಿ ಅಂದಾನ ಕಾಕಾ, ಡಿಸೆಂಬರ್‌ಗೆ ಆಳೆತ್ತರ ಬೆಳೆದಿರ್ತೈತಿ, ಹಂಗಾಗಿ ಈ ಸಲ ಅವ ಹೇಳಿದಂಗ ಕಣದಾಗೇ, ಬೇವಿನ ಗಿಡದ ಆಚಿ ಮಗ್ಗಲಕ್ಕ.